ಭಾನುವಾರದ ಎಣ್ಣೆ

"ಇವನ ಕೈಗೆ ಸ್ಪ್ಯಾನರ್ ಕೊಡೋದೂ ಒಂದೇ, ಕುರಿ ಮೂತಿಗೆ ಕನ್ನಡಕ ಹಾಕೋದೂ ಒಂದೇ," ಎಂದ ನಮ್ಮಪ್ಪ, ನನ್ನ ಕಡೆ ಬೆರಳು ಮಾಡಿ.

ಕ್ಲಬ್ಬಿನ ತುಂಬ ಜನ. ಶುಕ್ರವಾರ ಸಂಜೆಯ ಮಾಂಸದ ಲಾಟರಿಯ ಹೊತ್ತು. ನಮ್ಮ ಗಣಿ ಪಟ್ಟಣ ಬ್ರೋಕನ್ ಹಿಲ್‌ನ ಅರ್ಧ ಊರು ಅಲ್ಲಿ ಬಿಯರ್ ಲೋಟ ಹಿಡಿದು, ತನ್ನ ಚೀಟಿಯ ನಂಬರು ಕೂಗಿದರೆ ಒಂದು ತಟ್ಟೆ ಚಾಪ್ಸು ಹೊತ್ತುಕೊಂಡು ಹೋಗಲು ಬಾಯಿ ತೆರೆದು ಕಾಯುತ್ತಿತ್ತು. ಅಷ್ಟೂ ಜನ ನಕ್ಕರು. ಬಾರಿನ ಹಿಂದೆ ಲೋಟ ಒರೆಸುತ್ತಿದ್ದ ಹುಡುಗಿ ಸಹ ನಕ್ಕಳು. ಅವಳಿಗೆ ಸ್ಪ್ಯಾನರ್ ಯಾವುದು, ಸ್ಪೂನ್ ಯಾವುದು ಅಂತ ಗೊತ್ತಿತ್ತೋ ಇಲ್ಲವೋ.

ಆಗಿದ್ದು ಇಷ್ಟೇ. ಅಮ್ಮ ನಮ್ಮನ್ನು ಕರೆದೊಯ್ಯಲು ತನ್ನ ಬಿಳಿ ವ್ಯಾಗನ್ ತಂದಿದ್ದಳು. ಕ್ಲಬ್ಬಿನ ಗೇಟಿನಲ್ಲಿ ವೇಗ ಇಳಿಸಿ ತಿರುಗಿಸುವಾಗ ಇಂಜಿನ್ ನಿಂತುಹೋಯಿತು. ಹಿಂದಿನವರು ಹಾರ್ನ್ ಹೊಡೆದರು. ಅಮ್ಮ ಕೀಲಿ ತಿರುಗಿಸಿ ತಿರುಗಿಸಿ ಕೆಂಪಗಾದಳು. ಕಡೆಗೆ ನಾನೂ ಕ್ಲಬ್ಬಿನ ಇನ್ನು ಮೂವರೂ ತಳ್ಳಿ ಪಕ್ಕಕ್ಕೆ ಹಾಕಿದೆವು. ಒಳಗೆ ಬಂದ ಮೇಲೆ ಅಪ್ಪನ ಗೆಳೆಯ ಗ್ಯಾವಿನ್ ಕೇಳಿದ, "ಏನೋ ಟ್ರೆವ್, ಇಡೀ ಗಣಿಯ ಮೆಷಿನ್ ನೋಡ್ಕೋತಿದ್ದೋನು ನೀನು, ನಿನ್ನ ಹೆಂಡ್ತಿ ಕಾರು ಬಾಗಿಲಲ್ಲೇ ಮಲಗಿಬಿಡ್ತಲ್ಲ?"

ಅದಕ್ಕೆ ಬಂದ ಉತ್ತರ ಕುರಿ ಮತ್ತು ಕನ್ನಡಕ. ಏಕೆಂದರೆ ಹಿಂದಿನ ವಾರ ನಾನು ಆ ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದ್ದೆ. ನನ್ನ ಸಂಬಳದ ದುಡ್ಡಿನಲ್ಲಿ. ಅಪ್ಪ ಆಗ ಕುರ್ಚಿಯಲ್ಲಿ ಕೂತು ಬೆನ್ನುನೋವು ಅನುಭವಿಸುತ್ತಿದ್ದ.

"ಶಾಲೆಗೂ ಬೇಡವಾದೋನು," ಎಂದು ಅಪ್ಪ ಮುಂದುವರಿಸಿದ. "ಟೈರ್ ಅಂಗಡೀಲಿ ಗಾಳಿ ತುಂಬ್ತಾನೆ. ಗಾಳಿ ಒಂದೇ ಇವನಿಗೆ ಗೊತ್ತಿರೋದು. ತಲೆ ಒಳಗೂ ಅದೇ."

ಅಮ್ಮ ನನ್ನ ತೋಳು ಹಿಡಿದುಕೊಂಡಳು. ಇಲ್ಲದಿದ್ದರೆ ನನ್ನ ಕೈಯಲ್ಲಿದ್ದ ಲೋಟ ಅವನ ಮುಖದ ಮೇಲೆ ಇರುತ್ತಿತ್ತು.

ಗಣಿಯಲ್ಲಿ ಫಿಟ್ಟರ್ ಆಗಿದ್ದ ಟ್ರೆವರ್ ಪಾಸ್ಕೋ, ಅಂದರೆ ನಮ್ಮಪ್ಪ, ಬೆನ್ನು ಮುರಿದುಕೊಂಡು ಪಿಂಚಣಿಗೆ ಬಿದ್ದ ಮೇಲೆ ಮನೆಯಲ್ಲಿ ಮಾಡುತ್ತಿದ್ದದ್ದು ಎರಡೇ ಕೆಲಸ. ಒಂದು, ಟೀವಿಗೆ ಬೈಯುವುದು. ಇನ್ನೊಂದು, ಭಾನುವಾರದ ಎಣ್ಣೆ.

ಹಿಲ್‌ನ ಗಂಡಸರೆಲ್ಲ ಮಾಡುವುದೇ ಅದು. ನಮ್ಮಲ್ಲಿ ಧೂಳು ಎಂದರೆ ಬರೀ ಧೂಳಲ್ಲ. ಕೆಂಪು ಹಿಟ್ಟು. ಕಿಟಕಿ ಮುಚ್ಚಿದರೂ ಸಕ್ಕರೆ ಡಬ್ಬಿಯೊಳಗೆ ಇರುತ್ತದೆ. ಹಾಗಾಗಿ ಇಂಜಿನ್ನಿಗೆ ಗಾಳಿ ಸೋಸುವ ಏರ್ ಫಿಲ್ಟರಿಗೆ ಧೂಳು ಹಿಡಿಯುವ ಎಣ್ಣೆ ಹಾಕದೆ ಒಣಗಲು ಬಿಡುವವನು ಇಂಜಿನ್ ಕೊಂದ ಪಾಪಿ ಎಂದು ನಮ್ಮ ಬೀದಿಯ ತೀರ್ಮಾನ. ಭಾನುವಾರ ಮಧ್ಯಾಹ್ನ ಒಲೆಯಲ್ಲಿ ಕುರಿಯ ತೊಡೆ ಬೇಯುವಾಗ ಗಂಡಸರು ತಂತಮ್ಮ ಬಟ್ಟೆ ಒಗೆಯುವ ತೊಟ್ಟಿಯ ಮುಂದೆ ನಿಂತು, ಫಿಲ್ಟರ್ ತೊಳೆದು, ಅದಕ್ಕೆ ಕೆಂಪು ಎಣ್ಣೆ ಸುರಿಯುತ್ತಾರೆ. ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಹಾಕಿದಂತೆ ಲೆಕ್ಕವಿಲ್ಲ. ಅವರ ಅಪ್ಪಂದಿರು ಹಾಗೆ ಮಾಡಿದರು. ಅಪ್ಪಂದಿರ ಗಾಡಿಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇದ್ದವು, ಅವು ಎಣ್ಣೆ ಕುಡಿದು ಸುಮ್ಮನಿದ್ದವು. ಈಗಿನವುಗಳಲ್ಲಿ ಆ ಜಾಗದಲ್ಲಿ ಸೆನ್ಸರು. ಈ ಸಣ್ಣ ವ್ಯತ್ಯಾಸ ಯಾರ ತಲೆಗೂ ಹೊಕ್ಕಿರಲಿಲ್ಲ. ನನ್ನ ತಲೆಗೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಬೀಳುವುದಿಲ್ಲ.

ಕ್ಲಬ್ಬಿನ ಆ ಶುಕ್ರವಾರದ ಮುಂದಿನ ಸೋಮವಾರದಿಂದ ಅಮ್ಮನಿಗೆ ಹೊಸ ಕೆಲಸ. ಊರಿನಿಂದ ಒಂದು ಗಂಟೆಯ ಮಣ್ಣಿನ ದಾರಿಯಲ್ಲಿ ಒಂದು ಕುರಿ ಫಾರಂ. ಅಲ್ಲಿ ಉಣ್ಣೆ ಕತ್ತರಿಸುವ ತಂಡ ಬಂದಿಳಿದಿತ್ತು. ಅವರಿಗೆ ಅಡುಗೆ ಮಾಡುವ ಕೆಲಸವನ್ನು ಕಂಟ್ರಾಕ್ಟರ್ ಸ್ಟೂ ಅಮ್ಮನಿಗೆ ಕೊಟ್ಟಿದ್ದ.

"ಉಣ್ಣೆ ಕತ್ತರಿಸೋರಿಗೆ ಅಡುಗೆ!" ಎಂದು ಅಪ್ಪ ಕ್ಲಬ್ಬಿನಿಂದ ಬಂದ ರಾತ್ರಿ ಊಟಕ್ಕೆ ಕೂತಾಗ ಮೂಗೆಳೆದ. "ಬೂಟು ಬೇಯಿಸಿಟ್ಟರೂ ತಿಂತಾರೆ ಅವರು."

"ನೀನೂ ಅವರ ಪೈಕಿನೇ," ಎಂದಳು ಅಮ್ಮ. "ಇಷ್ಟು ವರ್ಷ ಏನಿಟ್ರೂ ತಿಂದೆ. ಒಂದು ದಿನ ಚೆನ್ನಾಗಿದೆ ಅನ್ಲಿಲ್ಲ. ಅವರು ಅದಕ್ಕೆ ದುಡ್ಡು ಕೊಡ್ತಾರೆ."

"ಅಲ್ಲೇ ಕ್ವಾರ್ಟರ್ಸ್ ಕೊಡ್ತಾರಂತಲ್ಲ ಜನೀನ್," ಎಂದಳು ಅಜ್ಜಿ. ಅಜ್ಜಿ ಬೆರಿಲ್ ಅಮ್ಮನ ಅಮ್ಮ. ಹಿಂದಿನ ವರಾಂಡದ ಕೋಣೆಯಲ್ಲಿ ಇರುತ್ತಾಳೆ, ಊಟಕ್ಕೆ ಮತ್ತು ಜಗಳಕ್ಕೆ ತಪ್ಪದೆ ಬರುತ್ತಾಳೆ. "ಉಳ್ಕೊಂಡ್ಬಿಡು. ದಿನಾ ಕತ್ತಲಲ್ಲಿ ಕಾಂಗರೂ ಮಧ್ಯೆ ಯಾಕೆ ಓಡಿಸ್ತೀಯ?"

"ನನ್ನ ಊಟ?" ಎಂದ ಅಪ್ಪ.

ಅಷ್ಟೇ. ಎರಡು ಪದ. ಅದಕ್ಕಾಗಿ ಅಮ್ಮ ದಿನಾ ಬೆಳಕು ಹರಿಯುವ ಮೊದಲು ಹೊರಟು, ಸಂಜೆ ವಾಪಸು ಬಂದು, ಮತ್ತೆ ಒಲೆ ಮುಂದೆ ನಿಲ್ಲಬೇಕೆಂದು ತೀರ್ಮಾನವಾಯಿತು. ಉಣ್ಣೆ ಶೆಡ್ಡಿನಲ್ಲಿ ಬೆಳಗಿನ ಚಹಾ ವಿರಾಮಕ್ಕೆ ಸ್ಮೋಕೋ ಅನ್ನುತ್ತಾರೆ. ಗಂಟೆ ಹೊಡೆದ ಕ್ಷಣ ಯಂತ್ರಗಳು ನಿಲ್ಲುತ್ತವೆ, ಆ ಕ್ಷಣಕ್ಕೆ ಬಿಸಿ ಚಹಾ, ಸಾಸೇಜ್ ರೋಲು, ಕೇಕು ಮೇಜಿನ ಮೇಲೆ ಇರಬೇಕು. ಒಂದು ದಿನ ತಪ್ಪಿದರೆ ಬೈಗುಳ, ಎರಡು ದಿನ ತಪ್ಪಿದರೆ ಬೇರೆ ಅಡುಗೆಯವಳು. ಹೀಗಾಗಿ ಅಮ್ಮನ ಕೆಲಸ ಅವಳ ಕೈಯ ರುಚಿಯ ಮೇಲೆ ನಿಂತಿರಲಿಲ್ಲ, ಆ ದರಿದ್ರ ವ್ಯಾಗನ್ನಿನ ಮೇಲೆ ನಿಂತಿತ್ತು.

ಕಾಯಿಲೆ ಹೀಗಿತ್ತು. ಓಡುವಾಗ ಏನೂ ತೊಂದರೆ ಇಲ್ಲ. ನಿಲ್ಲಿಸಲು ಹೋದರೆ ಐಡ್ಲಿಂಗ್, ಅಂದರೆ ನಿಂತಾಗಿನ ಇಂಜಿನ್ ವೇಗ, ಕುಣಿಯುತ್ತಿತ್ತು. ಮೀಟರಿನ ಮುಳ್ಳು ಕೆಳಗೆ ಬಿದ್ದು, ಮೇಲಕ್ಕೆ ಹಾರಿ, ಮತ್ತೆ ಬಿದ್ದು, ಒಂದು ಕೆಮ್ಮು ಕೆಮ್ಮಿ ಇಂಜಿನ್ ಸತ್ತುಹೋಗುತ್ತಿತ್ತು.

"ಹೆಂಗಸರ ಕಾಲು," ಎಂದ ಅಪ್ಪ. "ಕ್ಲಚ್ ಬಿಡೋಕೆ ಬರಲ್ಲ."

"ಗೇರ್ ನ್ಯೂಟ್ರಲ್‌ನಲ್ಲಿ ಇದ್ರೂ ಆಫ್ ಆಗುತ್ತೆ," ಎಂದೆ.

"ಹಾಗಾದ್ರೆ ಅದು ನಿನ್ನ ಕೈ. ಕಾರ್ಬುರೇಟರ್ ಇದ್ದಿದ್ರೆ ಒಂದು ಸ್ಕ್ರೂ ತಿರುಗಿಸಿ ಮುಗಿಸ್ತಿದ್ದೆ. ಈ ಸೆನ್ಸರು, ಕಂಪ್ಯೂಟರು ಎಲ್ಲ ಪಟ್ಟಣದೋರ ಮೋಸ."

ಶನಿವಾರವಿಡೀ ಬಾನೆಟ್ ಕೆಳಗೆ ಕಳೆದೆ. ಎಲ್ಲೋ ಪೈಪು ಸೀಳಿ ಕಳ್ಳಗಾಳಿ ಒಳಗೆ ಹೋಗುತ್ತಿರಬೇಕೆಂದುಕೊಂಡು ಒಂದೊಂದು ಪೈಪಿಗೂ ಸ್ಪ್ರೇ ಹೊಡೆದು ನೋಡಿದೆ. ಸೀಳಿದ್ದರೆ ಇಂಜಿನ್ನಿನ ಸದ್ದು ಬದಲಾಗಬೇಕು. ಆಗಲಿಲ್ಲ. ಗಾಳಿ ಬಿಡುವ ಥ್ರಾಟಲ್ ಕವಾಟ ಬಿಚ್ಚಿ ಅದರ ಅಂಟು ಮಸಿ ಒರೆಸಿದೆ. ಕುಣಿತ ನಿಲ್ಲಲಿಲ್ಲ. ಸಿಟ್ಟು ನೆತ್ತಿಗೇರಿ, ಫಿಲ್ಟರ್ ಪೆಟ್ಟಿಗೆಯಿಂದ ಬರುವ ದಪ್ಪ ಕೊಳವೆಯ ಮೇಲಿದ್ದ ಒಂದು ವೈರಿನ ಪ್ಲಗ್ಗನ್ನು ಕಿತ್ತು ಎಳೆದು, ಸಾಯಲಿ ಎಂದು ಕೀಲಿ ತಿರುಗಿಸಿದೆ.

ಇಂಜಿನ್ ಬೆಕ್ಕು ಗುರುಗುಟ್ಟಿದ ಹಾಗೆ ಮೆತ್ತಗೆ ನಡೆಯತೊಡಗಿತು.

ನಾನು ಕಿತ್ತಿದ್ದು ಗಾಳಿಯ ಸೆನ್ಸರಿನ ಪ್ಲಗ್. ಅದರೊಳಗೆ ಕೂದಲಿನಷ್ಟು ತೆಳ್ಳನೆಯ ತಂತಿ ಇರುತ್ತದೆ, ಸದಾ ಬಿಸಿ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡಿತು ಎಂಬುದರಿಂದ ಎಷ್ಟು ಗಾಳಿ ಬಂತೆಂದು ಕಂಪ್ಯೂಟರಿಗೆ ತಿಳಿಯುತ್ತದೆ, ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ತಂತಿಗೆ ಕೊಳೆ ಕೂತರೆ ಬಂದ ಗಾಳಿಯನ್ನು ಕಡಿಮೆ ಮಾಡಿ ಹೇಳುತ್ತದೆ. ಪೆಟ್ರೋಲ್ ಸಾಲದೆ ಇಂಜಿನ್ ಸೊರಗುತ್ತದೆ. ಪ್ಲಗ್ ಕಿತ್ತರೆ ಕಂಪ್ಯೂಟರ್ ಅದರ ಮಾತು ಬಿಟ್ಟು ತನ್ನ ಅಂದಾಜಿನಲ್ಲಿ ನಡೆಸುತ್ತದೆ. ಸೆನ್ಸರ್ ಬಿಚ್ಚಿ ನೋಡಿದೆ. ತಂತಿಯ ಮೇಲೆ ಕಂದು ಬಣ್ಣದ ಬೂಷ್ಟು ಹಿಡಿದಂತಿತ್ತು.

ಬೆರಳು ತಾಗಿಸದೆ ಸ್ಪ್ರೇ ಹೊಡೆದು, ಒಣಗಿಸಿ, ಮತ್ತೆ ಕೂರಿಸಿದೆ. ಬ್ಯಾಟರಿಯ ವೈರ್ ಬಿಚ್ಚಿ ಕಂಪ್ಯೂಟರಿನ ಹಳೆ ನೆನಪು ಅಳಿಸಿ, ಇಂಜಿನ್ ಚಾಲೂ ಮಾಡಿ, ಪೆಡಲ್ ಮುಟ್ಟದೆ ಕಾದು ನಿಂತೆ. ಹೊಸ ಐಡ್ಲಿಂಗನ್ನು ಅದು ತಾನೇ ಕಲಿಯಬೇಕು.

"ಏನದು, ಪ್ರಾರ್ಥನೆನಾ?" ಎಂದ ಅಪ್ಪ ವರಾಂಡದಿಂದ. "ತಲೆ ಬಗ್ಗಿಸಿ ನಿಂತಿದೀಯ?"

ಮುಳ್ಳು ಅಲುಗದೆ ನಿಂತಿತು. ನಾನು ಅವನ ಕಡೆ ನೋಡಲಿಲ್ಲ.

ಮಾರನೆಯ ಭಾನುವಾರ ಅಪ್ಪ ಬೆನ್ನು ಹಿಡಿದುಕೊಂಡು ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲ ವಾರ ಚೆನ್ನಾಗಿ ಹೋಯಿತು. ಅಮ್ಮ ಸಂಜೆ ಬಂದಾಗ ಬೆವರು, ಹಿಟ್ಟು, ಕುರಿಕೊಬ್ಬಿನ ವಾಸನೆ ಹೊತ್ತು ಬರುತ್ತಿದ್ದಳು, ಆದರೂ ಅವಳ ದನಿ ಬೇರೆಯಾಗಿತ್ತು. "ಇವತ್ತು ಎರಡು ತಟ್ಟೆ ಲ್ಯಾಮಿಂಗ್ಟನ್ ಕೇಕು ಖಾಲಿ ಅಮ್ಮಾ. ಒಬ್ಬ ಬೆರಳು ನೆಕ್ಕಿ ಮದುವೆ ಆಗ್ತೀಯಾ ಅಂದ."

"ಆಗಿದೆ ಅಂದ್ಯಾ?" ಎಂದಳು ಅಜ್ಜಿ.

"ದುರದೃಷ್ಟ, ಆಗಿದೆ ಅಂದೆ."

ಅಜ್ಜಿ ನಗುತ್ತಾ ಕೆಮ್ಮಿದಳು. ಅಪ್ಪ ಹಿಸುಕಿದ ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ತಳ್ಳಿ, "ಗಂಟು ಗಂಟು," ಎಂದ. "ಅಲ್ಲಿ ಕೈ ಸವೆಸಿ ಇಲ್ಲಿ ಗಂಟು ಬಡಿಸ್ತಾಳೆ."

ಭಾನುವಾರ ತೊಡೆಮಾಂಸ, ಬಟಾಣಿ, ಪುದೀನ ಸಾಸು. ತೊಟ್ಟಿಯಲ್ಲಿ ಎಣ್ಣೆ. ಮುಂದಿನ ಬುಧವಾರ ಫಾರಂ ದಾರಿಯ ಎರಡನೇ ಗೇಟಿನ ಬಳಿ ವ್ಯಾಗನ್ ಸತ್ತಿತು. ಅಮ್ಮ ಹೇಗೋ ಎಬ್ಬಿಸಿಕೊಂಡು ಹೋದಳು. ಸ್ಮೋಕೋಗೆ ಚಹಾ ಬಂತು, ತಿಂಡಿ ಬರಲಿಲ್ಲ. ಕತ್ತರಿಸುವವರು ತಟ್ಟೆ ಬಡಿದರಂತೆ.

ಮತ್ತೆ ಶನಿವಾರ ತೊಳೆದೆ. ಮತ್ತೆ ಸರಿಹೋಯಿತು. ಮತ್ತೆ ಕೆಟ್ಟಿತು. ಸೆನ್ಸರೇ ಹಾಳೆಂದು ಗುಜರಿಯಿಂದ ಇನ್ನೊಂದು ತಂದು ಹಾಕಿದೆ. ಅದೂ ಒಂದು ವಾರ ತಾಳಲಿಲ್ಲ. ಗ್ಯಾವಿನ್ ನಮ್ಮ ಬೇಲಿಯ ಮೇಲೆ ಮೊಣಕೈ ಊರಿ, "ಏನಪ್ಪಾ ಇಂಜಿನಿಯರ್, ಈ ವಾರ ಯಾವುದು ಬಿಚ್ತೀಯ? ಸೀಟಾ?" ಎನ್ನುತ್ತಿದ್ದ. ಅಪ್ಪ ಒಳಗಿನಿಂದ, "ಅವನನ್ನ ಬಿಚ್ಚಿ ನೋಡ್ಬೇಕು, ಏನು ಕೆಟ್ಟಿದೆ ಅಂತ," ಎನ್ನುತ್ತಿದ್ದ. ಇಬ್ಬರೂ ಸೇರಿ ನಗುತ್ತಿದ್ದರು. ನನ್ನ ಹಲ್ಲು ಕಡಿದು ಕಡಿದು ಸವೆದದ್ದು ಆ ವಾರಗಳಲ್ಲೇ ಇರಬೇಕು.

ಒಂದು ಸೋಮವಾರ ಸಂಜೆ ಅಮ್ಮ ಕೀಲಿ ಮೇಜಿನ ಮೇಲೆ ಇಟ್ಟು, "ಬ್ರೇಡನ್, ಇವತ್ತೇ ಶುರುವಾಗಿದೆ. ಶನಿವಾರದ ತನಕ ಕಾಯ್ಬೇಡ," ಎಂದಳು.

ಬೆಳಕಿರುವಾಗಲೇ ಹೋಗಿ ಕೊಳವೆ ಬಿಚ್ಚಿದೆ. ನಾನು ಯಾವಾಗಲೂ ಬಿಚ್ಚುತ್ತಿದ್ದದ್ದು ವಾರದ ಕೊನೆಗೆ. ಅಷ್ಟರೊಳಗೆ ಐದು ದಿನದ ಧೂಳು ಒಳಗೆ ಕೂತು ಎಲ್ಲ ಒಣ ಮಣ್ಣಿನಂತೆ ಕಾಣುತ್ತಿತ್ತು. ಈಗ ಕೊಳವೆಯೊಳಗೆ ಬೆರಳಾಡಿಸಿದರೆ ಒದ್ದೆ. ಬೆರಳ ತುದಿ ಕೆಂಪು. ಮೂಸಿ ನೋಡಿದೆ. ನಮ್ಮ ಬಟ್ಟೆ ತೊಟ್ಟಿಯ ವಾಸನೆ, ನಮ್ಮ ಭಾನುವಾರದ ವಾಸನೆ. ಫಿಲ್ಟರ್ ಪೆಟ್ಟಿಗೆ ತೆರೆದರೆ ಅದರ ತಳದಲ್ಲಿ ಎಣ್ಣೆ ಮಡುಗಟ್ಟಿ ನಿಂತಿತ್ತು. ಗಾಳಿ ಎಳೆದಾಗಲೆಲ್ಲ ಆ ಎಣ್ಣೆ ಹಾರಿ ಹೋಗಿ ಬಿಸಿ ತಂತಿಯ ಮೇಲೆ ಕೂತು ಸುಟ್ಟು, ಅದರ ಮೇಲೆ ಧೂಳು ಅಂಟುತ್ತಿತ್ತು.

ತೊಟ್ಟಿಕ್ಕುವ ಫಿಲ್ಟರನ್ನು ಹಾಗೇ ಎತ್ತಿಕೊಂಡು ಹೋಗಿ ಊಟದ ಮೇಜಿನ ಮೇಲೆ, ಅಪ್ಪನ ತಟ್ಟೆಯ ಪಕ್ಕ ಇಟ್ಟೆ.

"ನೀನೇ," ಎಂದೆ. "ಪ್ರತಿ ವಾರ ನಾನು ತೊಳೀತೀನಿ, ಪ್ರತಿ ವಾರ ನೀನು ಕೆಡಿಸ್ತೀಯ."

"ಊಟದ ಮೇಜು ಇದು," ಎಂದ ಅಪ್ಪ.

"ಸೆನ್ಸರ್ ತಂತಿ ಮೇಲೆಲ್ಲ ನಿನ್ನ ಎಣ್ಣೆ."

"ನಿಮ್ಮಜ್ಜ ಎಣ್ಣೆ ಹಾಕ್ತಿದ್ದ. ಅವನ ಗಾಡಿ ಅವನಿಗಿಂತ ಜಾಸ್ತಿ ಬದುಕ್ತು."

"ಅಜ್ಜನ ಗಾಡೀಲಿ ಸೆನ್ಸರ್ ಇರ್ಲಿಲ್ಲ!"

"ಇರ್ಲಿಲ್ಲ, ಅದಕ್ಕೇ ಓಡ್ತು. ಇವತ್ತು ಎಣ್ಣೆ ನಿಲ್ಸು ಅಂತೀಯ. ನಾಳೆ ಸಿಲಿಂಡರ್ ತುಂಬ ಮಣ್ಣು. ಆಗ ನಿಮ್ಮಮ್ಮನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ?"

"ಟ್ರೆವರ್‌ಗೆ ಗೊತ್ತಿರೋದೇ ಎರಡು," ಎಂದಳು ಅಜ್ಜಿ, ಫಿಲ್ಟರಿನಿಂದ ತನ್ನ ತಟ್ಟೆಯನ್ನು ದೂರ ಸರಿಸಿಕೊಳ್ಳುತ್ತ. "ಎಣ್ಣೆ ಹಾಕೋದು, ಎಣ್ಣೆ ಹೊಡೆಯೋದು."

"ನೀವು ಸುಮ್ನಿರಿ ಬೆರಿಲ್. ನನ್ನ ಸೂರಿನ ಕೆಳಗೆ ಇದೀರ."

"ಸೂರಿನ ಕಂತು ಕಟ್ಟೋದು ನನ್ನ ಮಗಳು ಕಣಪ್ಪ. ನೀನೂ ಅದರ ಕೆಳಗೇ ಇದೀಯ."

ಅಮ್ಮ ಎದ್ದಳು. ಫಿಲ್ಟರನ್ನು ಎರಡು ಬೆರಳಲ್ಲಿ ಹಿಡಿದು ಸಿಂಕಿಗೆ ಹಾಕಿ ಬಂದು, ಮೇಜಿನ ಮೇಲಿನ ಕೆಂಪು ಕಲೆ ಒರೆಸುತ್ತ ಮೆತ್ತಗೆ ಹೇಳಿದಳು. "ಟ್ರೆವ್, ನನ್ನ ಕಾರಿನ ಫಿಲ್ಟರ್ ಇನ್ಮೇಲೆ ಮುಟ್ಬೇಡ."

"ನಿನ್ನ ಕಾರಾ? ನನ್ನ ಅಂಗಳದಲ್ಲಿ ನಿಂತಿದೆ."

"ಮುಟ್ಬೇಡ ಅಂದೆ."

ಮಾರನೆಯ ದಿನ ನಾನು ಸೆನ್ಸರ್ ತೊಳೆದು, ಎಣ್ಣೆ ಬೇಡದ ಹೊಸ ಕಾಗದದ ಫಿಲ್ಟರ್ ತಂದು ಹಾಕಿದೆ. ಆ ವಾರ ವ್ಯಾಗನ್ ಒಂದು ಸಲವೂ ಕೆಮ್ಮಲಿಲ್ಲ. ಅದನ್ನೇ ಅಪ್ಪನಿಂದ ಸಹಿಸಲಾಗಲಿಲ್ಲ ಅನಿಸುತ್ತದೆ. ಭಾನುವಾರ ನಾನು ಫುಟ್‌ಬಾಲ್ ನೋಡಲು ಹೋದಾಗ ಕಾಗದದ್ದನ್ನು ಕಸದ ಡಬ್ಬಿಗೆ ಎಸೆದು, ತನ್ನ ಹಳೆ ಜಾಲರಿ ಫಿಲ್ಟರನ್ನು ಎಣ್ಣೆಯಲ್ಲಿ ಮುಳುಗಿಸಿ ಕೂರಿಸಿದ. ಯಾರಿಗೂ ಹೇಳಲಿಲ್ಲ.

ಮಂಗಳವಾರ ಅಮ್ಮ ಒಣ ಹಳ್ಳ ದಾಟಲು ವೇಗ ಇಳಿಸಿದಾಗ ಇಂಜಿನ್ ಸತ್ತಿತು, ಏಳಲೇ ಇಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನ ಸೀಟಿನಲ್ಲಿ ಹಿಂದಿನ ರಾತ್ರಿ ಬೇಯಿಸಿದ ಮಾಂಸ, ಬ್ರೆಡ್ಡು, ಮೊಟ್ಟೆ. ಮೇಕೆ ಸಾಗಿಸುವ ಒಂದು ಲಾರಿ ಬರುವವರೆಗೆ ಅವಳು ನೊಣ ಓಡಿಸುತ್ತ ರಸ್ತೆ ಬದಿಯಲ್ಲಿ ಕೂತಿದ್ದಳು. ಶೆಡ್ ತಲುಪುವ ಹೊತ್ತಿಗೆ ಸ್ಮೋಕೋ ಮುಗಿದಿತ್ತು. ಇಡೀ ತಂಡ ಬರೀ ನೀರು ಕುಡಿದು ಮತ್ತೆ ಕತ್ತರಿ ಹಿಡಿದಿತ್ತು. ಯಾರೂ ಬೈಯಲಿಲ್ಲವಂತೆ. ಯಾರೂ ಅವಳ ಮುಖ ನೋಡಲಿಲ್ಲವಂತೆ.

ಸ್ಟೂ ಹೇಳಿದನಂತೆ, "ಜನೀನ್, ನಿನ್ನ ಅಡುಗೆ ಬಗ್ಗೆ ನನ್ನ ಹುಡುಗರು ಒಂದು ಮಾತು ಆಡಲ್ಲ. ಆದರೆ ಮನೆಯಿಂದ ಬರೋ ಅಡುಗೆಯವಳು ನನಗೆ ಬೇಡ. ಕ್ವಾರ್ಟರ್ಸಲ್ಲಿ ಉಳ್ಕೊ, ಇಲ್ಲಾಂದ್ರೆ ನಾಳೆ ಬೇರೆಯವರನ್ನ ಕರೀತೀನಿ."

ಅವಳು ಉಳಿದುಕೊಂಡಳು. ವ್ಯಾಗನ್ನನ್ನು ನಾನು ನನ್ನ ಬಾಸ್‌ನ ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದೆ. ಪೆಟ್ಟಿಗೆ ತೆರೆದಾಗ ಜಾಲರಿಯಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅದನ್ನು ಅಪ್ಪನ ಕಾಲ ಬಳಿ ಎಸೆದೆ. ಅವನು ಟೀವಿಯ ಸದ್ದು ಏರಿಸಿದ.

ಎರಡು ದಿನ ಬಿಟ್ಟು ಅಮ್ಮ ಫಾರಂನ ಫೋನಿನಿಂದ ಕರೆ ಮಾಡಿದಳು. ಅಪ್ಪ ಸ್ಪೀಕರ್ ಹಾಕಿದ, ಅವನ ಕೈಗಳಲ್ಲಿ ತಳ ಸುಟ್ಟ ಪಾತ್ರೆ ಇತ್ತು.

"ಟ್ರೆವ್, ಕೇಳು. ಈ ಶೆಡ್ಡಿನ ಕೆಲಸ ಮುಗಿದ ಮೇಲೆ ತಂಡ ಉತ್ತರಕ್ಕೆ ಹೋಗುತ್ತೆ. ಅಲ್ಲಿಂದ ಕ್ವೀನ್ಸ್‌ಲ್ಯಾಂಡ್. ನನ್ನನ್ನೂ ಕರೆದಿದ್ದಾರೆ."

"ಹುಚ್ಚು ಹಿಡಿದಿದೆಯಾ ನಿನಗೆ?"

"ಊರ ಹತ್ರಾನೇ ಇನ್ನೊಂದು ಫಾರಂನಲ್ಲೂ ಕೆಲಸ ಇದೆ. ದಿನಾ ಹೋಗಿ ಬರಬಹುದು. ಆದರೆ ಕಾರು ಬೇಕು. ಕೈಕೊಡದ ಕಾರು. ಶೆಡ್ ಮುಗಿಯೋ ತನಕ ನೀನು ಆ ಫಿಲ್ಟರ್ ಮುಟ್ಟದೇ ಇದ್ರೆ ಮನೆಗೆ ಬರ್ತೀನಿ. ಮುಟ್ಟಿದ್ರೆ ಲಾರಿ ಹತ್ತಿ ಅವರ ಜತೆ ಹೋಗ್ತೀನಿ. ಬೇರೆ ಏನೂ ಕೇಳಲ್ಲ ನಿನ್ನ."

"ಇದೊಂದು ವಿಷ್ಯಾನಾ ಜನೀನ್? ಒಂದು ಚಮಚ ಎಣ್ಣೆಗೆ?"

"ಹೂಂ. ಒಂದು ಚಮಚಕ್ಕೇ."

ಅವಳು ಫೋನ್ ಇಟ್ಟಳು. ಅಪ್ಪ ನನ್ನ ಕಡೆ ತಿರುಗಿ, "ಮುಟ್ಟಲ್ಲ," ಎಂದ. "ಇಂಜಿನ್ ಹಾಳಾದ್ರೆ ನೀವಿಬ್ಬರೂ ನೋಡ್ಕೊಳ್ಳಿ."

ಆಮೇಲಿನ ದಿನಗಳಲ್ಲಿ ಮನೆಯೆಂದರೆ ಡಬ್ಬಿ ಬೀನ್ಸು, ಸುಟ್ಟ ಟೋಸ್ಟು. ಇಪ್ಪತ್ತಾರು ವರ್ಷ ಯಂತ್ರ ಕಳಚಿ ಕೂಡಿಸಿದ ಗಂಡಸಿಗೆ ಬಟ್ಟೆ ಒಗೆಯುವ ಮೆಷಿನ್ನಿನ ಯಾವ ಗುಂಡಿ ಒತ್ತಬೇಕೆಂದು ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. ಹೇಳಿಕೊಡಲಿಲ್ಲ. ಅಪ್ಪನ ಅಂಗಿಗಳೆಲ್ಲ ಕುಗ್ಗಿ ಹೊಕ್ಕುಳಿನ ಮೇಲೆ ನಿಂತವು.

"ಚೆನ್ನಾಗಿದೆ ಟ್ರೆವರ್," ಎಂದಳು ಅಜ್ಜಿ. "ಬೇಸಿಗೇಲಿ ಗಾಳಿ ಆಡುತ್ತೆ."

ಮೊದಲ ಭಾನುವಾರ ಅವನು ಅಂಗಳದಲ್ಲಿ ವ್ಯಾಗನ್ನಿನ ಸುತ್ತ ಓಡಾಡಿದ. ಬಾನೆಟ್ ಎತ್ತಿದ, ನೋಡಿದ, ಇಳಿಸಿದ. ಪಕ್ಕದ ಮನೆಯ ತೊಟ್ಟಿಯಿಂದ ಗ್ಯಾವಿನ್ ಕೂಗಿದ, "ಏನೋ ಟ್ರೆವ್, ಇವತ್ತು ಎಣ್ಣೆ ಇಲ್ವಾ? ಹೆಂಡ್ತಿ ಪರ್ಮಿಶನ್ ಸಿಗ್ಲಿಲ್ವಾ?" ಅಪ್ಪ ತಡವರಿಸಿ, "ನಿನ್ನೇನೇ ಹಾಕ್ದೆ ಕಣೋ," ಎಂದ. ಒಂದು ಫಿಲ್ಟರಿಗಾಗಿ ನೆರೆಯವನಿಗೆ ಸುಳ್ಳು ಹೇಳುವ ಮಟ್ಟ. ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ.

ನಾನು ಸೆನ್ಸರ್ ತೊಳೆದಿದ್ದೆ, ಮತ್ತೆ ಕಾಗದದ ಫಿಲ್ಟರ್ ಹಾಕಿದ್ದೆ. ವ್ಯಾಗನ್ ಕೆಲಸಕ್ಕೆ ಓಡಿಸಿಕೊಂಡು ಹೋಗುತ್ತಿದ್ದೆ. ಊರಿನ ಎಲ್ಲ ಸಿಗ್ನಲ್ಲಿನಲ್ಲೂ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುತ್ತಿತ್ತು. ದಿನಾ ಸಂಜೆ ಪೆಟ್ಟಿಗೆ ತೆರೆದು ನೋಡುತ್ತಿದ್ದೆ. ಒಣ ಕಾಗದ. ಎರಡನೇ ಭಾನುವಾರವೂ ಒಣ ಕಾಗದ.

ಶೆಡ್ ಮುಗಿಯುವ ದಿನ ಅಮ್ಮನನ್ನು ಕರೆತರಲು ನಾವಿಬ್ಬರೂ ಹೊರಟೆವು. ಅಪ್ಪ ಕ್ಷೌರ ಮಾಡಿಕೊಂಡಿದ್ದ. ಕುಗ್ಗದೆ ಉಳಿದ ಒಂದೇ ಅಂಗಿ ಹಾಕಿದ್ದ. "ನಾನೇ ಓಡಿಸ್ತೀನಿ," ಎಂದ. ಬೆನ್ನುನೋವಿನ ಮನುಷ್ಯ, ಮಣ್ಣಿನ ದಾರಿ, ನನಗೆ ವಿಚಿತ್ರವೆನಿಸಿತು, ಆದರೂ ಕೀಲಿ ಕೊಟ್ಟೆ. ಅಜ್ಜಿ ಬಾಗಿಲಲ್ಲಿ ನಿಂತು, "ಹೋಗೋ ಮದುಮಗನೇ," ಎಂದಳು.

ಮೊದಲ ಗೇಟಿನಲ್ಲಿ ನಾನಿಳಿದು ಗೇಟು ತೆರೆದೆ. ಅವನು ನಿಂತಿದ್ದರೂ ಆಕ್ಸಿಲರೇಟರ್ ಒತ್ತುತ್ತಲೇ ಇದ್ದ. ಇಂಜಿನ್ ಸುಮ್ಮನೆ ಅರಚುತ್ತಿತ್ತು. ಎರಡನೇ ಗೇಟಿನಲ್ಲೂ ಹಾಗೇ. ಗೇಟು ಮುಚ್ಚಿ ಬಂದು ಕೂತು ಅವನ ಕೈ ನೋಡಿದೆ. ಸ್ಟಿಯರಿಂಗ್ ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಕೆಂಪು.

"ಬೆಳಿಗ್ಗೆ ಹಾಕ್ದೆ, ಅಲ್ವಾ?"

"ಏನು?"

"ಎಣ್ಣೆ."

"ಒಂದು ಚೂರು ಸವರಿದೆ ಅಷ್ಟೇ ಕಣೋ. ಬಿಸ್ಕತ್ತಿನ ಹಾಗೆ ಒಣಗಿತ್ತು ಅದು. ಈ ದಾರೀಲಿ ಒಣ ಕಾಗದ ಇಟ್ಕೊಂಡು ಬರೋಕಾಗುತ್ತಾ? ಧೂಳು ನೋಡು ಹೇಗಿದೆ." ಮತ್ತೆ ಪೆಡಲ್ ಒತ್ತಿದ. "ನಿಮ್ಮಮ್ಮಂಗೆ ಹೇಳೋ ಅಗತ್ಯ ಇಲ್ಲ. ನಾಳೆ ನೀನು ತೊಳೆದುಬಿಡು. ಮುಗೀತು."

ನಾನು ಕಿಟಕಿಯ ಹೊರಗೆ ನೋಡಿದೆ. ಕಾಗದಕ್ಕೂ ಎಣ್ಣೆ ಸವರಿದ್ದಾನೆ! ಜಾಲರಿಗಾದರೂ ಎಣ್ಣೆ ಹಾಕಲು ಒಂದು ಕಾರಣ ಇದೆ, ಕಾಗದಕ್ಕೆ ಯಾವ ಮೂರ್ಖ ಹಾಕುತ್ತಾನೆ? ಹೆಂಡತಿ ಬಿಟ್ಟುಹೋಗುತ್ತೇನೆ ಎಂದರೂ ಇವನ ಕೈ ಸುಮ್ಮನಿರಲಿಲ್ಲ. ಅವಳು ಮನೆಗೆ ಬರುವ ದಿನ, ಅವಳನ್ನು ಕರೆತರುವ ಕಾರಿಗೇ. ಉಳಿದ ದಾರಿಯಿಡೀ ಅವನು ಹವಾಮಾನದ ಬಗ್ಗೆ ಮಾತಾಡಿದ, ಮೇಕೆಗಳ ಬೆಲೆಯ ಬಗ್ಗೆ ಮಾತಾಡಿದ, ಪ್ರತಿ ಗೇಟಿನಲ್ಲೂ ದನಿ ಏರಿಸಿ ಮಾತಾಡಿದ. ಇಂಜಿನ್ನಿನ ಕುಣಿತ ನನಗೆ ಕೇಳದಿರಲಿ ಎಂದು.

ಶೆಡ್ಡಿನ ಬಳಿ ಹೋದಾಗ ಸ್ಮೋಕೋ ನಡೆದಿತ್ತು. ಕತ್ತರಿಸುವವರು ಬೆವರಿನ ಬನಿಯನ್ನುಗಳಲ್ಲಿ ಉಣ್ಣೆ ಮೂಟೆಗಳಿಗೆ ಒರಗಿ ಕೂತು, ಅಮ್ಮ ಮಾಡಿದ, ಮಾಂಸ ತುಂಬಿದ ಪೇಸ್ಟಿ ತಿನ್ನುತ್ತಿದ್ದರು. ಅಮ್ಮ ದೊಡ್ಡ ಕೆಟಲ್ಲಿನಿಂದ ಚಹಾ ಬಗ್ಗಿಸುತ್ತಿದ್ದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಭುಜ ನೆಟ್ಟಗಾಗಿತ್ತು. ಅವಳ ಬ್ಯಾಗು ಬಾಗಿಲ ಪಕ್ಕ ಕಟ್ಟಿಟ್ಟು ತಯಾರಾಗಿತ್ತು. ಆಚೆ ತಂಡದ ಲಾರಿ, ಈಚೆ ನಾವು. ಬ್ಯಾಗು ಯಾವುದಕ್ಕೆ ಹತ್ತುತ್ತದೆ ಎಂಬುದಷ್ಟೇ ಬಾಕಿ.

ಅಪ್ಪ ಅವಳನ್ನು ಕಂಡು ಇಳಿಯಲು ಪೆಡಲ್‌ನಿಂದ ಕಾಲು ತೆಗೆದ. ಇಂಜಿನ್ ಎರಡು ಸಲ ಏರಿಳಿದು, ಕೆಮ್ಮಿ, ಸತ್ತಿತು.

"ನಾನೇ ಆಫ್ ಮಾಡ್ದೆ," ಎಂದ, ಯಾರೂ ಕೇಳದಿದ್ದರೂ.

"ಜ್ಯಾನ್, ಇದೇನಾ ಆ ಫೇಮಸ್ ಕಾರು?" ಎಂದ ಒಬ್ಬ ಉದ್ದನೆಯವನು ಪೇಸ್ಟಿ ಅಗಿಯುತ್ತ. "ಇದೇನಾ ಆ ಫೇಮಸ್ ಗಂಡ?" ಎಂದ ಇನ್ನೊಬ್ಬ. ನಗು ಎದ್ದಿತು. ಅಮ್ಮ ನಗಲಿಲ್ಲ. ಅಪ್ಪನಿಗೂ ನನಗೂ ಒಂದೊಂದು ಮಗ್ ಚಹಾ ಕೊಟ್ಟಳು.

"ಬಂದ್ಯಲ್ಲ ಟ್ರೆವ್. ಕಾರು ಹೇಗಿದೆ?"

"ಬೆಣ್ಣೆ ಹಾಗೆ ಓಡ್ತಿದೆ. ನಡಿ, ಹೋಗೋಣ."

"ಮುಟ್ಲಿಲ್ಲ ತಾನೇ?"

"ಮುಟ್ಲಿಲ್ಲ ಜನೀನ್. ದೇವರಾಣೆಗೂ ಮುಟ್ಲಿಲ್ಲ."

ಅಮ್ಮ ಅವನ ಮುಖ ನೋಡಿದಳು. ಆಮೇಲೆ ಕಾರಿನ ಕಡೆ ನೋಡಿದಳು. ಅವಳಿಗೂ ಆ ಕೆಮ್ಮಿನ ಪರಿಚಯ ಇತ್ತು, ನನಗಿಂತ ಹೆಚ್ಚೇ. ಆದರೂ ನಂಬಬೇಕೆಂದು ಅವಳಿಗೆ ಆಸೆಯಿತ್ತು. ಅದು ನನಗೆ ಕಾಣುತ್ತಿತ್ತು.

"ಇವನನ್ನ ಕೇಳು ಬೇಕಾದ್ರೆ," ಎಂದ ಅಪ್ಪ. ನನ್ನ ಭುಜದ ಮೇಲೆ ಕೈಯಿಟ್ಟ. ನನ್ನ ಹತ್ತೊಂಬತ್ತು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ನನಗೆ ನೆನಪಿಲ್ಲ. ಅಷ್ಟೂ ಜನರಿಗೆ ಕೇಳುವಂತೆ ಹೇಳಿದ, "ಕಾರಿನ ವಿಷಯದಲ್ಲಿ ನನ್ನ ಮಗನ ಮೀರಿಸೋರು ಹಿಲ್‌ನಲ್ಲೇ ಇಲ್ಲ. ಇವನೇ ನೋಡ್ಕೊಂಡಿದ್ದು. ಹೇಳೋ ಬ್ರೇಡ್. ನಾನು ಮುಟ್ಟಿಲ್ಲ ಅಂತ ಹೇಳು ನಿಮ್ಮಮ್ಮಂಗೆ. ನಿನ್ನ ಮಾತು ನಂಬ್ತಾಳೆ."

ಕತ್ತರಿಸುವವರ ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಸ್ಟೂ ಲಾರಿಯ ಹಿಂಬಾಗಿಲು ಹಿಡಿದು ನಿಂತಿದ್ದ. ಅಮ್ಮ ಕೆಟಲ್ಲನ್ನು ಕೆಳಗಿಟ್ಟಳು.

"ಹೇಳು ಬ್ರೇಡನ್," ಎಂದಳು.

ಭುಜದ ಮೇಲಿನ ಕೈ ಮೆತ್ತಗೆ ಒತ್ತಿತು.

ನಾನು ಆ ಕೈಯ ಕೆಳಗಿನಿಂದ ಸರಿದು, ಮಗ್ಗನ್ನು ಉಣ್ಣೆ ಮೂಟೆಯ ಮೇಲಿಟ್ಟೆ. ಉದ್ದನೆಯವನ ಚಾಚಿದ ಕಾಲುಗಳನ್ನು ದಾಟಿ, ಮರದ ಇಳಿಜಾರಿನಲ್ಲಿ ಇಳಿದು, ಬೋಳಿಸಿದ ಕುರಿಗಳು ಬೆಳ್ಳಗೆ ಒತ್ತಿಕೊಂಡು ನಿಂತಿದ್ದ ದೊಡ್ಡಿಯ ಕಡೆ ನಡೆದೆ.

"ಬ್ರೇಡ್! ಎಲ್ಲಿಗೋ? ಉತ್ತರ ಹೇಳಿ ಹೋಗೋ!"

ಉತ್ತರ ಅವನ ಉಗುರಿನ ಸಂದಿಯಲ್ಲೇ ಇತ್ತು, ಅಮ್ಮನೇ ನೋಡಿಕೊಳ್ಳಲಿ ಎಂದು ನಾನು ನಡೆಯುತ್ತಲೇ ಇದ್ದೆ.